ಊರಿನ ಅಚ್ಚು, ಊರವರ ಕೈ



ನವರಾತ್ರಿ ಬಂತೆಂದರೆ ನಮ್ಮ ಮನೆಗಳ ಬೇಸ್‌ಮೆಂಟುಗಳಲ್ಲಿ ಒಂದು ಊರು ಎದ್ದು ನಿಲ್ಲುತ್ತದೆ. ಮೆಟ್ಟಿಲ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿದ ಮೇಲೆ ಕೆಳಗಿನ ನೆಲವೆಲ್ಲ ಮಕ್ಕಳ ರಾಜ್ಯ. ತಟ್ಟೆಯಲ್ಲಿ ಮೊಳೆಯಿಸಿದ ರಾಗಿಯ ಪೈರು ಉದ್ಯಾನವಾಗುತ್ತದೆ, ಕನ್ನಡಿಯ ತುಂಡು ಕೆರೆಯಾಗುತ್ತದೆ, ರಟ್ಟಿನ ಪೆಟ್ಟಿಗೆಗಳು ಮನೆಗಳಾಗುತ್ತವೆ, ನಡುವೆ ಒಂದು ಆಟಿಕೆಯ ರೈಲು ಸುತ್ತುತ್ತದೆ. ಊರಿನಿಂದ ಬಂದ ಅಜ್ಜಿ "ದೇವಸ್ಥಾನದ ಎದುರಿಗೇ ರೈಲು ಓಡಿಸ್ತೀರೇನ್ರೋ, ಆ ಕಡೆ ಇಡಿ" ಎಂದರೆ ಹಳಿ ಪಕ್ಕಕ್ಕೆ ಸರಿಯುತ್ತದೆ. ಪಕ್ಕದ ಮನೆಯ ಹುಡುಗಿ ಬಂದು ಕೆರೆಗೊಂದು ಸೇತುವೆ ಸೇರಿಸುತ್ತಾಳೆ. ಹಬ್ಬ ಮುಗಿಯುವವರೆಗೆ ಆ ಊರು ದಿನಕ್ಕೊಂದು ರೂಪ ತಾಳುತ್ತದೆ.

ಇದನ್ನು ನಾವು ಹಬ್ಬದ ಸಡಗರವೆಂದು ಮಾತ್ರ ಎಣಿಸಿದ್ದೇವೆ. ಆದರೆ ಊರನ್ನು ಕಟ್ಟುವ ಮುನ್ನ ಅದರ ಸಣ್ಣ ರೂಪವನ್ನು ಮಾಡಿ, ಎಲ್ಲರೂ ಸುತ್ತ ಕುಳಿತು, ಕೈಹಾಕಿ ಬದಲಿಸಿ ನೋಡುವ ಈ ರೀತಿಯನ್ನು ದೊಡ್ಡವರ ಲೋಕಕ್ಕೆ ತರಲು ಒಂದು ಶತಮಾನಕ್ಕೂ ಮಿಕ್ಕಿ ಕಾಲ ಹಿಡಿಯಿತು. ಆ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ನಾವು ನೀವು ವಾಸಿಸುವ ಪ್ರದೇಶಗಳಲ್ಲಿಯೇ, ಎಂದರೆ ವಾಷಿಂಗ್ಟನ್, ಅಟ್ಲಾಂಟಾ ಮತ್ತು ಎರಡು ಕೆರೊಲಿನಾಗಳಲ್ಲಿಯೇ ನಡೆದವು. ಇತ್ತೀಚೆಗೆ ಮನೆಮಾತಾಗಿರುವ ತ್ರೀ-ಡಿ ಮುದ್ರಣವೆಂಬ ತಂತ್ರವನ್ನು ಆ ಚರಿತ್ರೆಯ ಹಿನ್ನೆಲೆಯಲ್ಲಿಟ್ಟು ನೋಡುವುದು ಈ ಉಪನ್ಯಾಸದ ಉದ್ದೇಶ. ನಗರದ ಮಾದರಿಯನ್ನು ಯಾರು ಮಾಡಿದರು ಎಂದು ಕೇಳುವುದರ ಜೊತೆಗೆ, ಅದನ್ನು ಮುಟ್ಟಿ ಬದಲಿಸುವ ಹಕ್ಕು ಯಾರಿಗಿತ್ತು ಎಂದೂ ಕೇಳಬೇಕಾಗಿದೆ. ನಮ್ಮ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು.

ವಾಷಿಂಗ್ಟನ್ನಿನಿಂದಲೇ ಆರಂಭಿಸೋಣ. 1791ರಲ್ಲಿ ಪಿಯರ್ ಲಾಂಫಾಂ ಎಂಬ ಫ್ರೆಂಚ್ ಎಂಜಿನಿಯರ್ ಈ ರಾಜಧಾನಿಯ ನಕ್ಷೆಯನ್ನು ರಚಿಸಿದರು. ಕ್ಯಾಪಿಟಲ್ ಭವನದಿಂದ ಪಶ್ಚಿಮಕ್ಕೆ ವಿಶಾಲವಾದ ಒಂದು ರಾಜಬೀದಿ ಇರಬೇಕೆಂಬುದು ಅವರ ಆಶಯವಾಗಿತ್ತು. ಒಂದು ಶತಮಾನ ಕಳೆಯುವಷ್ಟರಲ್ಲಿ ಆ ಬಯಲು ಮರಗಳ ಗುಂಪುಗಳಿಂದಲೂ ಅಂಕುಡೊಂಕು ದಾರಿಗಳಿಂದಲೂ ತುಂಬಿಹೋಗಿತ್ತು. ಅದನ್ನು ಅಡ್ಡಹಾಯ್ದು ರೈಲು ಹಳಿಗಳು ಬಂದಿದ್ದವು, ಪಕ್ಕದಲ್ಲೊಂದು ನಿಲ್ದಾಣವೂ ಎದ್ದಿತ್ತು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿದ್ದು ಆ ನಿಲ್ದಾಣದಲ್ಲಿಯೇ. 1901ರಲ್ಲಿ ಮಿಷಿಗನ್ನಿನ ಸೆನೆಟರ್ ಜೇಮ್ಸ್ ಮೆಕ್‌ಮಿಲನ್ ಅವರ ಪ್ರಯತ್ನದಿಂದ ನಗರದ ಪುನಾರಚನೆಗೆ ಒಂದು ಆಯೋಗ ನೇಮಕವಾಯಿತು. ವಾಸ್ತುಶಿಲ್ಪಿಗಳಾದ ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಚಾರ್ಲ್ಸ್ ಮೆಕಿಮ್, ಉದ್ಯಾನ ವಿನ್ಯಾಸಕಾರ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಜೂನಿಯರ್, ಶಿಲ್ಪಿ ಆಗಸ್ಟಸ್ ಸೇಂಟ್ ಗಾಡೆನ್ಸ್ ಅದರ ಸದಸ್ಯರು.

ಅವರು ತಮ್ಮ ಯೋಜನೆಯನ್ನು ಬರಿಯ ವರದಿಯಾಗಿ ಮಂಡಿಸಲಿಲ್ಲ. 1902ರ ಜನವರಿಯಲ್ಲಿ ಕೋರ್ಕರನ್ ಕಲಾಶಾಲೆಯಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಅಲ್ಲಿ ಬಾಸ್ಟನ್ನಿನ ಜಾರ್ಜ್ ಕ್ಯಾರೊಲ್ ಕರ್ಟಿಸ್ ನಿರ್ಮಿಸಿದ ಎರಡು ದೊಡ್ಡ ಮಾದರಿಗಳಿದ್ದವು: ಒಂದು ಅಂದಿನ ನಗರದ್ದು, ಇನ್ನೊಂದು ಮುಂದೆ ಆಗಬೇಕಾದ ನಗರದ್ದು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಬಂದು ನೋಡಿದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಕ್ರಮೇಣ ಹಳಿಗಳು ಬಯಲಿನಿಂದ ತೆರವಾದವು; 1907ರಲ್ಲಿ ಯೂನಿಯನ್ ಸ್ಟೇಷನ್ ಬೇರೆಡೆ ಬಾಗಿಲು ತೆರೆಯಿತು; 1922ರಲ್ಲಿ ಲಿಂಕನ್ ಸ್ಮಾರಕ ಲೋಕಾರ್ಪಣೆಯಾಯಿತು. ಊರಿನಿಂದ ಬಂದ ತಂದೆತಾಯಿಯರನ್ನು ಆ ಸ್ಮಾರಕದ ಮೆಟ್ಟಿಲ ಮೇಲೆ ನಿಲ್ಲಿಸಿ ನಾವು ಫೋಟೋ ತೆಗೆಯುವಾಗ ಹಿಂದೆ ಕಾಣುವ ನೋಟ ಮೊದಲು ಮೂಡಿದ್ದು ಆ ಪ್ರದರ್ಶನದ ಮಾದರಿಯಲ್ಲಿ. ಅಷ್ಟರಮಟ್ಟಿಗೆ ಅದು ಸಾರ್ಥಕವಾದ ಕೆಲಸ. ಆದರೆ ಆ ಮಾದರಿಗಳನ್ನು ಇಟ್ಟದ್ದು ನೋಡಿ ಮೆಚ್ಚುವುದಕ್ಕೆ. ಅಲ್ಲಿಗೆ ಬಂದ ಯಾವ ಅಜ್ಜಿಗೂ ಹಳಿಯನ್ನು ಪಕ್ಕಕ್ಕೆ ಸರಿಸುವ ಅವಕಾಶವಿರಲಿಲ್ಲ. ನಿರ್ಧಾರ ಮಾಡಿದವರು ನಾಲ್ವರು ಪಂಡಿತರು ಮತ್ತು ಅವರ ಹಿಂದಿದ್ದ ಸೆನೆಟರು.

ಇದೇ ಕಾಲಘಟ್ಟದಲ್ಲಿ ನಮ್ಮ ದೇಶದಲ್ಲಿ ಬೇರೊಂದು ಪ್ರಯೋಗ ನಡೆಯಿತೆಂಬುದನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ಜೀವವಿಜ್ಞಾನಿ ಹಾಗೂ ನಗರ ಚಿಂತಕ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದರು. ಅವರ ನಗರ ಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನಿಯ 'ಎಮ್ಡೆನ್' ಯುದ್ಧನೌಕೆ ಮುಳುಗಿಸಿತು. ಅವರು ಎದೆಗುಂದದೆ ಹೊಸದಾಗಿ ಎಲ್ಲವನ್ನೂ ಕೂಡಿಹಾಕಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು; ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಬಗೆಗೂ ವರದಿ ಬರೆದರು. ಮುಂದೆ ಇಂದೂರಿನಲ್ಲಿ ಪ್ಲೇಗಿನ ಭೀತಿ ಕವಿದಿದ್ದಾಗ, 1917ರ ಸುಮಾರಿನಲ್ಲಿ, ದೀಪಾವಳಿಯ ಮೆರವಣಿಗೆಯನ್ನೇ ಅವರು ನಗರ ಯೋಜನೆಯ ಪಾಠವನ್ನಾಗಿ ಮಾರ್ಪಡಿಸಿದರು. ಯಾವ ಬೀದಿಯ ಜನ ತಮ್ಮ ಮನೆಗಳನ್ನೂ ದಾರಿಯನ್ನೂ ಚೊಕ್ಕಟ ಮಾಡಿಕೊಳ್ಳುವರೋ ಆ ಬೀದಿಯಲ್ಲಿ ಮೆರವಣಿಗೆ ಹೋಗುವುದೆಂದು ಸಾರಿಸಿದರು. ಕೊಳಕಿನ ರಾಕ್ಷಸ, ಪ್ಲೇಗಿನ ಇಲಿ, ಮುಂದೆ ಕಟ್ಟಬೇಕಾಗಿದ್ದ ಸಾರ್ವಜನಿಕ ಕಟ್ಟಡಗಳ ಮಾದರಿಗಳು, ಎಲ್ಲವೂ ಬೀದಿಗಿಳಿದವು. ಮಾದರಿಯನ್ನು ನೋಡಲು ಜನ ಕಲಾಶಾಲೆಗೆ ಹೋಗುವ ಬದಲು ಮಾದರಿಯೇ ಜನರ ಮನೆಬಾಗಿಲಿಗೆ ಬಂದಿತು. ಜನ ತಾವೇ ಪೊರಕೆ ಹಿಡಿದು ಆ ಯೋಜನೆಯ ಒಂದಂಶವನ್ನು ಅಂದೇ ನೆರವೇರಿಸಿದರು.

ಗೆಡ್ಡೆಸ್ ಅವರ ದಾರಿಯಲ್ಲಿ ಜಗತ್ತು ನಡೆಯಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ನಗರಗಳಲ್ಲಿ 'ನವೀಕರಣ'ವೆಂಬ ಹೆಸರಿನಲ್ಲಿ ನಡೆದುದನ್ನು ಸ್ಮರಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 1950ರ ದಶಕದಲ್ಲಿ ವಾಷಿಂಗ್ಟನ್ನಿನ ನೈಋತ್ಯ ಭಾಗವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನೆಲಸಮ ಮಾಡಲಾಯಿತು. ಸುಮಾರು 23,000 ಜನ, ಅವರಲ್ಲಿ ಬಹುಪಾಲು ಕಪ್ಪು ಜನಾಂಗದವರು, ಮನೆ ಬಿಟ್ಟು ಹೋಗಬೇಕಾಯಿತು. ತನ್ನ ಕಟ್ಟಡ ಗಟ್ಟಿಮುಟ್ಟಾಗಿದೆ, ಅದನ್ನೇಕೆ ಕೆಡವುತ್ತೀರಿ ಎಂದು ಅಂಗಡಿಯೊಂದರ ಪರವಾಗಿ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1954ರ 'ಬರ್ಮನ್ ವಿರುದ್ಧ ಪಾರ್ಕರ್' ತೀರ್ಪಿನಲ್ಲಿ ನ್ಯಾಯಾಲಯವು, ಇಡೀ ಪ್ರದೇಶದ ಯೋಜನೆಯನ್ನು ಬಿಡಿಬಿಡಿಯಾಗಿ ನೋಡಬೇಕಾಗಿಲ್ಲವೆಂದು ಸರ್ವಾನುಮತದಿಂದ ಸರ್ಕಾರದ ಪಕ್ಷವನ್ನು ಎತ್ತಿಹಿಡಿಯಿತು. ಉತ್ತರ ಕೆರೊಲಿನಾದ ಷಾರ್ಲೆಟ್ಟಿನಲ್ಲಿ ಬ್ರೂಕ್ಲಿನ್ ಎಂಬ ಕಪ್ಪು ಜನಾಂಗದವರ ಬಡಾವಣೆಯಿತ್ತು. ಅಲ್ಲಿ ಶಾಲೆ, ಚರ್ಚು, ಅಂಗಡಿ, ಗ್ರಂಥಾಲಯ ಎಲ್ಲವೂ ಇದ್ದವು. 1960ರ ದಶಕದಲ್ಲಿ ಅದನ್ನು ಅಳಿಸಿಹಾಕಿದಾಗ ಸಾವಿರಕ್ಕೂ ಮಿಕ್ಕ ಕುಟುಂಬಗಳು ಚದುರಿಹೋದವು. ಅದೇ ದಶಕದಲ್ಲಿ ಅಟ್ಲಾಂಟಾದಲ್ಲಿ ಬಟರ್‌ಮಿಲ್ಕ್ ಬಾಟಮ್ ಎಂಬ ಬಡಾವಣೆಯನ್ನು ತೆರವು ಮಾಡಿ, ಅಲ್ಲಿ 1968ರಲ್ಲಿ ತೆರೆದ ನಾಗರಿಕ ಸಭಾಭವನವನ್ನು ಕಟ್ಟಿದರು.

ಈ ಎಲ್ಲ ಕಡೆಗಳಲ್ಲಿಯೂ ಅಧಿಕಾರಿಗಳ ಮುಂದೆ ಯೋಜನೆಯಿತ್ತು, ನಕ್ಷೆಯಿತ್ತು. ಇಲ್ಲದಿದ್ದುದು ಆ ಮೇಜಿನ ಸುತ್ತ ಅಲ್ಲಿನ ನಿವಾಸಿಗಳಿಗೊಂದು ಕುರ್ಚಿ. ಮೇಲಿನಿಂದ ಬಗ್ಗಿ ನೋಡುವವರಿಗೆ ಹಳೆಯ ಮನೆಗಳು ಅಡ್ಡಾದಿಡ್ಡಿ ಚುಕ್ಕೆಗಳಾಗಿ ಕಾಣುತ್ತವೆ. ಯಾವ ಜಗಲಿಯಲ್ಲಿ ಯಾರು ಕೂರುತ್ತಾರೆ, ಯಾವ ಅಂಗಡಿಯಲ್ಲಿ ಸಾಲ ಸಿಗುತ್ತದೆ ಎಂಬುದು ಕಾಣುವುದಿಲ್ಲ. ಜನ ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. 1960ರ ದಶಕದಲ್ಲಿ ವಾಷಿಂಗ್ಟನ್ನಿನ ನಿವಾಸಿಗಳು, ಕಪ್ಪು ಜನರ ಮನೆಗಳ ಮೇಲೆ ಬಿಳಿಯರ ರಸ್ತೆ ಹಾಯುವುದನ್ನು ಒಪ್ಪೆವೆಂದು ಹೆದ್ದಾರಿಗಳ ವಿರುದ್ಧ ಹೋರಾಡಿದರು. ನಗರವನ್ನು ಸೀಳಬೇಕಾಗಿದ್ದ ಹಲವು ಹೆದ್ದಾರಿಗಳು ನಿಂತುಹೋದವು. ಅವುಗಳಿಗೆ ಮೀಸಲಿಟ್ಟ ಹಣದಲ್ಲಿ ಒಂದು ಭಾಗ ಮೆಟ್ರೊ ರೈಲಿಗೆ ಸಂದಿತು. 1976ರ ಮಾರ್ಚ್ 27ರಂದು ಅದರ ಮೊದಲ ಗಾಡಿ ಓಡಿತು. ಇಂದು ರೆಸ್ಟನ್ನಿನಿಂದಲೋ ರಾಕ್‌ವಿಲ್ಲಿನಿಂದಲೋ ಮೆಟ್ರೊ ಹತ್ತುವ ಕನ್ನಡಿಗರು ಆ ಹೋರಾಟಗಾರರಿಗೆ ಋಣಿಗಳು.

ಇನ್ನು ಯಂತ್ರದ ವಿಚಾರಕ್ಕೆ ಬರೋಣ. ವಸ್ತುವೊಂದನ್ನು ರೂಪಿಸಲು ಎರಡು ದಾರಿಗಳಿವೆ. ಬೇಲೂರಿನ ಶಿಲ್ಪಿ ಬೇಡದ ಕಲ್ಲನ್ನು ಕಳೆಯುತ್ತಾ ಹೋಗಿ ಮದನಿಕೆಯನ್ನು ಕಂಡ. ಅದು ಕಳೆಯುವ ದಾರಿ. ಗೆದ್ದಲು ಮಣ್ಣಿನ ಕಣವನ್ನು ಕಣದ ಮೇಲಿಟ್ಟು ಹುತ್ತ ಕಟ್ಟುತ್ತದೆ; ಅದು ಕೂಡಿಸುವ ದಾರಿ. ತ್ರೀ-ಡಿ ಮುದ್ರಣ ಎರಡನೆಯ ದಾರಿಗೆ ಸೇರಿದ್ದು. ಗಣಕದಲ್ಲಿರುವ ಆಕೃತಿಯನ್ನು ಸೌತೆಕಾಯಿಯ ಬಿಲ್ಲೆಗಳಂತೆ ತೆಳುವಾದ ಪದರಗಳಾಗಿ ಹೆಚ್ಚಿ, ಯಂತ್ರವು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪದರವನ್ನು ಇಟ್ಟು ಕಟ್ಟುತ್ತದೆ. ಕನ್ನಡದಲ್ಲಿ 'ಅಚ್ಚು' ಎಂಬ ಮಾತಿಗೆ ಮುದ್ರಣವೆಂಬ ಅರ್ಥವೂ ಉಂಟು, ಎರಕದ ಮೂಸೆಯೆಂಬ ಅರ್ಥವೂ ಉಂಟು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಸಂಕ್ರಾಂತಿಯಲ್ಲಿ ನಾವು ಹಂಚುವ ಸಕ್ಕರೆಯ ಗೋಪುರ, ಬಾತುಕೋಳಿಗಳು ಮೂಡುವುದು ಮರದ ಅಚ್ಚಿನಲ್ಲಿ. ಈ ಹೊಸ ಯಂತ್ರದಲ್ಲಿ ಎರಡು ಅರ್ಥಗಳೂ ಒಂದಾಗಿವೆ.

ಜಪಾನಿನ ಹಿದೆಒ ಕೊಡಾಮಾ 1980ರ ಆಸುಪಾಸಿನಲ್ಲಿ ಇಂತಹ ವಿಧಾನವೊಂದನ್ನು ವಿವರಿಸಿದ್ದರು. ಅದನ್ನು ಬಳಕೆಗೆ ತಂದವರು ಕ್ಯಾಲಿಫೋರ್ನಿಯಾದ ಚಕ್ ಹಲ್. ಅತಿನೇರಳೆ ಬೆಳಕು ಬಿದ್ದೊಡನೆ ಗಟ್ಟಿಯಾಗುವ ದ್ರವವನ್ನು ಬಳಸಿ 1983ರಲ್ಲಿ ಅವರು ಒಂದು ಸಣ್ಣ ಬಟ್ಟಲನ್ನು ಪದರ ಪದರವಾಗಿ ಎಬ್ಬಿಸಿದರು. 1986ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಅದೇ ವರ್ಷ 'ತ್ರೀಡಿ ಸಿಸ್ಟಮ್ಸ್' ಎಂಬ ಸಂಸ್ಥೆಯೂ ಹುಟ್ಟಿತು. ಆ ಸಂಸ್ಥೆ 2006ರ ಸುಮಾರಿಗೆ ತನ್ನ ಮುಖ್ಯ ಕಚೇರಿಯನ್ನು ದಕ್ಷಿಣ ಕೆರೊಲಿನಾದ ರಾಕ್ ಹಿಲ್ಲಿಗೆ ಸ್ಥಳಾಂತರಿಸಿತು. ನಮ್ಮ ದಾವಣಗೆರೆಯಂತೆ ರಾಕ್ ಹಿಲ್ಲೂ ಒಂದು ಕಾಲಕ್ಕೆ ಬಟ್ಟೆಯ ಗಿರಣಿಗಳ ಊರು. ಮೇಲೆ ಹೇಳಿದ ಬ್ರೂಕ್ಲಿನ್ ಬಡಾವಣೆ ಇದ್ದ ಸ್ಥಳದಿಂದ ಅಲ್ಲಿಗೆ ಸುಮಾರು 25 ಮೈಲಿ.

ನಗರದ ಮಾದರಿಗಳಿಗೆ ಹೆಚ್ಚು ಒದಗಿಬಂದದ್ದು ಇನ್ನೊಂದು ಬಗೆಯ ಯಂತ್ರ. 1989ರ ಹೊತ್ತಿಗೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇಮ್ಯಾನುಯೆಲ್ ಸ್ಯಾಕ್ಸ್ ಮತ್ತು ಸಂಗಡಿಗರು, ಹಿಟ್ಟಿನಂತಹ ಪುಡಿಯನ್ನು ತೆಳುವಾಗಿ ಹರಡಿ, ಕಾಗದದ ಮೇಲೆ ಶಾಯಿ ಚಿಮುಕಿಸುವ ಮುದ್ರಕದಂತೆ ಅದರ ಮೇಲೆ ಅಂಟನ್ನು ಚಿಮುಕಿಸುವ ವಿಧಾನವನ್ನು ರೂಪಿಸಿದರು. ಅಂಟು ಬಿದ್ದಲ್ಲಿ ಪುಡಿ ಗಟ್ಟಿಯಾಗುತ್ತದೆ. ಉಳಿದ ಪುಡಿ ಸುತ್ತ ನಿಂತು ಆಸರೆ ಕೊಡುತ್ತದೆ, ಕೊನೆಗೆ ಅದನ್ನು ಕೊಡವಿ ತೆಗೆಯಬಹುದು. 1994ರಲ್ಲಿ ಸ್ಥಾಪನೆಯಾದ 'ಝೀ ಕಾರ್ಪೊರೇಷನ್' ಈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅಂಟಿನ ಜೊತೆಗೆ ಬಣ್ಣವನ್ನೂ ಚಿಮುಕಿಸಲು ಸಾಧ್ಯವಾದಾಗ ಹೊಳೆ ನೀಲಿಯಾಗಿ, ಉದ್ಯಾನ ಹಸಿರಾಗಿ ಒಂದೇ ಸಲಕ್ಕೆ ಮೂಡತೊಡಗಿದವು. 2012ರಲ್ಲಿ ಆ ಸಂಸ್ಥೆಯನ್ನು ರಾಕ್ ಹಿಲ್ಲಿನವರು ಕೊಂಡರು. ಮತ್ತೊಂದು ಕಡೆ, ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಚಕ್ಕುಲಿ ಒತ್ತಿದಂತೆ ಸುತ್ತಿ ಸುತ್ತಿ ಇಡುವ ಸ್ಕಾಟ್ ಕ್ರಂಪ್ ಅವರ ವಿಧಾನದ ಮೂಲ ಪೇಟೆಂಟು 2009ರಲ್ಲಿ ಮುಗಿಯಿತು. ಆಮೇಲೆ ಅಂತಹ ಯಂತ್ರಗಳ ಬೆಲೆ ಇಳಿದು ಅವು ಶಾಲೆಗಳಿಗೂ ಗ್ರಂಥಾಲಯಗಳಿಗೂ ಬಂದವು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ವಿದ್ಯಾರ್ಥಿಗಳೇ ನಡೆಸುವ 'ಇನ್ವೆನ್ಷನ್ ಸ್ಟುಡಿಯೊ' ಆರಂಭವಾದದ್ದು 2009ರಲ್ಲಿ. ವಾಷಿಂಗ್ಟನ್ನಿನ ಮಾರ್ಟಿನ್ ಲೂಥರ್ ಕಿಂಗ್ ಗ್ರಂಥಾಲಯದಲ್ಲಿ ಸಾರ್ವಜನಿಕರ ಬಳಕೆಗೆ ತ್ರೀ-ಡಿ ಮುದ್ರಕ ಬಂದದ್ದು 2013ರಲ್ಲಿ.

ಇದರಿಂದಾದ ಬದಲಾವಣೆ ಯಾವುದು? ಕರ್ಟಿಸ್ ಅವರ ಕಾಲದಲ್ಲಿ ನಗರದ ಒಂದು ಮಾದರಿಗೆ ನುರಿತ ಕುಶಲಿಗಳ ತಿಂಗಳುಗಟ್ಟಲೆ ದುಡಿಮೆ ಬೇಕಾಗುತ್ತಿತ್ತು. ಅಷ್ಟು ಬೆಲೆಬಾಳುವ ವಸ್ತುವನ್ನು ಗಾಜಿನ ಹಿಂದೆ ಇಡುವುದು ಸಹಜ. ಈಗಿನ ಮುದ್ರಕಗಳ ತಟ್ಟೆ ಚಿಕ್ಕದಾದ್ದರಿಂದ ನಗರವನ್ನು ತುಂಡು ತುಂಡಾಗಿ ಮುದ್ರಿಸಿ ಜೋಡಿಸಬೇಕಾಗುತ್ತದೆ. ಈ ಕೊರತೆಯೇ ಒಂದು ಅನುಕೂಲವಾಗಿ ಪರಿಣಮಿಸಿತು. ಒಂದು ಚೌಕವನ್ನು ತೆಗೆದು, ಅಲ್ಲಿಗೆ ನಾಲ್ಕು ಮಹಡಿಯ ಬದಲು ಎಂಟು ಮಹಡಿಯದನ್ನೋ, ಕಟ್ಟಡದ ಬದಲು ಆಟದ ಬಯಲನ್ನೋ ಇಟ್ಟು ನೋಡಬಹುದು. ಒಡೆದರೆ ಮತ್ತೊಂದನ್ನು ಅಚ್ಚು ಹಾಕಬಹುದು. ಒಡೆಯುವ ಭಯ ಹೋದ ಮೇಲೆ ಮುಟ್ಟಬೇಡಿ ಎಂಬ ಫಲಕದ ಅಗತ್ಯವೂ ಇರುವುದಿಲ್ಲ.

ಈ ದಿಕ್ಕಿನಲ್ಲಿ ನಡೆದ ಬಹು ಮಹತ್ವದ ಪ್ರಯೋಗವೊಂದು ರಾಲಿಯ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ್ದು. ಅದರ ಹಿನ್ನೆಲೆಯಲ್ಲೊಂದು ಪ್ರಳಯವಿದೆ. 1999ರ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಚಂಡಮಾರುತದ ಮಳೆಗೆ ಆ ರಾಜ್ಯದ ಪೂರ್ವ ಭಾಗ ಮುಳುಗಿತು. ನೆರೆಯ ಹಳೆಯ ನಕ್ಷೆಗಳು ಎಷ್ಟು ಅಪೂರ್ಣವೆಂಬುದು ಆಗ ತಿಳಿಯಿತು. ಮರುವರ್ಷ ರಾಜ್ಯವು ವಿಮಾನದಿಂದ ಲೇಸರ್ ಕಿರಣಗಳನ್ನು ಹಾಯಿಸಿ ಇಡೀ ನೆಲದ ಏರುತಗ್ಗುಗಳನ್ನು ಅಳೆಯುವ ಕಾರ್ಯಕ್ರಮವನ್ನು ಕೈಗೊಂಡಿತು. ಹೀಗೆ ಸಾರ್ವಜನಿಕ ಹಣದಿಂದ ಸಿದ್ಧವಾದ ಅಳತೆಗಳು ಎಲ್ಲರಿಗೂ ದೊರೆಯುವಂತಾದವು. ನೆಲದ ಆಕಾರ ತಿಳಿಯದೆ ಊರಿನ ಮಾದರಿ ಮಾಡಲಾಗದು. ಆ ಅಡಿಗಲ್ಲು ಹೀಗೆ ಬಿದ್ದಿತು.

ಪ್ರಾಧ್ಯಾಪಕಿ ಹೆಲೆನಾ ಮಿಟಾಸೋವಾ ಮತ್ತು ಅವರ ಸಂಗಡಿಗರು ರೂಪಿಸಿದ 'ಟ್ಯಾಂಜಿಬಲ್ ಲ್ಯಾಂಡ್‌ಸ್ಕೇಪ್' ಎಂಬ ವ್ಯವಸ್ಥೆಯಲ್ಲಿ ಮೇಜಿನ ಮೇಲೆ ಒಂದು ಪ್ರದೇಶದ ಮಾದರಿ ಇರುತ್ತದೆ. ಮೇಲೆ ತೂಗುವ ಒಂದು ಸಂವೇದಕ, ಮೂಲತಃ ಮಕ್ಕಳ ವಿಡಿಯೊ ಆಟಕ್ಕೆಂದು ಮಾಡಿದ್ದು, ಆ ಮಾದರಿಯ ಮೇಲ್ಮೈಯನ್ನು ಕ್ಷಣಕ್ಷಣವೂ ಅಳೆಯುತ್ತದೆ. ಯಾರಾದರೂ ಕೈಯಿಂದ ಒಂದು ದಿಬ್ಬವನ್ನು ತಗ್ಗಿಸಿದರೆ ಗಣಕವು ಅದನ್ನು ಗ್ರಹಿಸಿ, ಮಳೆ ಬಂದಾಗ ನೀರು ಎತ್ತ ಹರಿಯುವುದು, ಎಲ್ಲಿ ನಿಲ್ಲುವುದು ಎಂದು ಲೆಕ್ಕಹಾಕುತ್ತದೆ. ಪ್ರೊಜೆಕ್ಟರ್ ಆ ನೀರನ್ನು ಮಾದರಿಯ ಮೇಲೆಯೇ ನೀಲಿ ಬೆಳಕಾಗಿ ಚೆಲ್ಲುತ್ತದೆ. ಬಣ್ಣದ ಬಟ್ಟೆಯ ತುಂಡನ್ನಿಟ್ಟರೆ ಅಲ್ಲೊಂದು ತೋಪು ಎಂದು ಯಂತ್ರ ತಿಳಿಯುತ್ತದೆ. ಲೆಕ್ಕ ಮಾಡುವ 'ಗ್ರಾಸ್' ಎಂಬ ತಂತ್ರಾಂಶ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. ಇದಕ್ಕೆ ಮುನ್ನ 1999ರಲ್ಲಿಯೂ 2002ರಲ್ಲಿಯೂ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹಿರೋಷಿ ಇಷಿಯವರ ತಂಡ, ಕಟ್ಟಡಗಳ ನೆರಳನ್ನು ಮೇಜಿನ ಮೇಲೆ ತೋರಿಸುವ, ಜೇಡಿಮಣ್ಣಿನ ಮೇಲೆ ಲೆಕ್ಕವನ್ನು ಬೆಳಗಿಸುವ ಪ್ರಯೋಗಗಳನ್ನು ಮಾಡಿತ್ತು. ರಾಲಿಯವರು ಆ ದಾರಿಯನ್ನು ಮುಂದುವರಿಸಿ 2015ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು.

ಈ ಪ್ರಯೋಗದಲ್ಲಿ ನಮ್ಮ ಗಮನ ಸೆಳೆದ ಅಂಶ ಬೇರೊಂದಿದೆ. ಮುದ್ರಿಸಿದ ಮಾದರಿ ನಿಖರವಾದದ್ದು, ಆದರೆ ಗಡುಸು. ಅದನ್ನು ಬೆರಳಿನಿಂದ ಒತ್ತಲಾಗದು. ಮರಳು ಕೈಗೆ ಬಗ್ಗುತ್ತದೆ, ಆದರೆ ಅದಕ್ಕೆ ನಿಖರತೆಯಿಲ್ಲ. ರಾಲಿಯವರು ಎರಡನ್ನೂ ಕೂಡಿಸುವ ಉಪಾಯ ಕಂಡರು. ನೆಲದ ಆಕಾರದ ತಲೆಕೆಳಗಾದ ರೂಪವನ್ನು ಯಂತ್ರದಿಂದ ಅಚ್ಚಾಗಿ ಮಾಡಿ, ಅಂಟುಗುಣವುಳ್ಳ ಮರಳನ್ನು ಅದಕ್ಕೊತ್ತಿ ಎರಕ ತೆಗೆದರು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ವಿದ್ಯೆಯೇ ಇದು! ಹೊರಬಂದ ಮಾದರಿ ಅಳತೆಗೆ ಸರಿಯಾಗಿದ್ದು ಕೈಗೂ ಬಗ್ಗುವಂತಿತ್ತು. ಪೂರ್ತಿ ಸಿದ್ಧವಾಗಿ, ನುಣುಪಾಗಿ, ಬಣ್ಣ ಬಳಿದು ಎದುರಿಗಿಟ್ಟದ್ದನ್ನು ಕಂಡರೆ ಜನಸಾಮಾನ್ಯರು, ಎಲ್ಲವೂ ತೀರ್ಮಾನವಾಗಿರಬೇಕೆಂದು ಕೈಕಟ್ಟಿ ನಿಲ್ಲುತ್ತಾರೆ. ಮರಳಿನ ಮುಂದೆ ಯಾರ ಕೈಯೂ ಸುಮ್ಮನಿರದು. ನಾಗರಿಕರ ಅಭಿಪ್ರಾಯ ಬೇಕೆಂದು ನಿಜವಾಗಿ ಬಯಸುವವರು ಅರ್ಧ ಮುಗಿದ ಮಾದರಿಯನ್ನು ಅವರ ಮುಂದಿಡಬೇಕು.

ಹಾಗೆಂದು ಮಾದರಿಯಿಂದ ಎಲ್ಲವೂ ಬಗೆಹರಿಯುವುದೆಂದು ಭಾವಿಸಬಾರದು. ಅಟ್ಲಾಂಟಾದ ಕಥೆ ಈ ಎಚ್ಚರವನ್ನು ಕೊಡುತ್ತದೆ. 1999ರಲ್ಲಿ ಜಾರ್ಜಿಯಾ ಟೆಕ್‌ನ ವಿದ್ಯಾರ್ಥಿ ರಯನ್ ಗ್ರಾವೆಲ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ, ನಗರದ ಸುತ್ತ ಬಳಕೆ ತಪ್ಪಿದ್ದ ರೈಲು ಹಳಿಗಳನ್ನು ಜೋಡಿಸಿ 22 ಮೈಲಿಗಳ ಒಂದು ಬಳೆಯನ್ನಾಗಿ ಮಾಡುವ ಕಲ್ಪನೆಯನ್ನು ಮುಂದಿಟ್ಟರು. 'ಬೆಲ್ಟ್‌ಲೈನ್' ಎಂದು ಹೆಸರಾದ ಆ ಕಲ್ಪನೆಯನ್ನು ಬಡಾವಣೆ ಬಡಾವಣೆಗಳ ಸಭೆಗಳಲ್ಲಿ ಚರ್ಚಿಸಿ ಜನರೇ ತಮ್ಮದನ್ನಾಗಿಸಿಕೊಂಡರು. 45 ಬಡಾವಣೆಗಳನ್ನು ಕೂಡಿಸುವ ಈ ಯೋಜನೆಯ ಪೂರ್ವ ಭಾಗದ ಕಾಲುದಾರಿ 2012ರಲ್ಲಿ ತೆರೆಯಿತು. ಜನ ಮೆಚ್ಚಿದರು, ನಡೆದರು. ಅದರ ಜೊತೆಗೆ ಸುತ್ತಲಿನ ಮನೆಗಳ ಬೆಲೆಯೂ ಬಾಡಿಗೆಯೂ ಏರಿದವು. ಕಡಿಮೆ ವರಮಾನದವರಿಗೆ ಸಾಕಷ್ಟು ಮನೆಗಳನ್ನು ಒದಗಿಸುತ್ತಿಲ್ಲವೆಂಬ ಕಾರಣದಿಂದ 2016ರಲ್ಲಿ ಗ್ರಾವೆಲ್ ಅವರೇ ಯೋಜನೆಯ ಸಹಯೋಗಿ ಸಂಸ್ಥೆಯ ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ನಮ್ಮವರ ಮಾತು ಇಲ್ಲಿ ನೆನಪಾಗುತ್ತದೆ. ಮಾದರಿಯಲ್ಲಿ ಎತ್ತರ ಕಾಣುತ್ತದೆ, ನೆರಳು ಕಾಣುತ್ತದೆ, ನೀರಿನ ಹರಿವನ್ನೂ ತೋರಿಸಬಹುದು. ಬಾಡಿಗೆಯ ಏರಿಕೆಯನ್ನು ಯಾವ ಮುದ್ರಕವೂ ಅಚ್ಚು ಹಾಕದು. ಅದನ್ನು ಮೇಜಿನ ಸುತ್ತ ಕುಳಿತವರೇ ಎತ್ತಿ ಆಡಬೇಕು. ಬಾಡಿಗೆದಾರನಿಗೆ ಅಲ್ಲಿ ಕುರ್ಚಿ ಇಲ್ಲದಿದ್ದರೆ ಆ ಮಾತು ಏಳುವುದೇ ಇಲ್ಲ.

ನಮ್ಮ ತಾಯ್ನಾಡಿನ ಕಡೆಗೂ ಒಮ್ಮೆ ನೋಡೋಣ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆಯೊಂದು ಬರಲಿದೆಯೆಂಬ ಸುದ್ದಿ ಹಬ್ಬಿತು. 812 ಮರಗಳು ಉರುಳುವುದೆಂದು ಅಂದಾಜು. ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತು "ಬೇಡ" ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆ ಜನಕ್ಕೆ ಆಡಲು ದೊರೆತದ್ದು "ಬೇಡ" ಎಂಬ ಒಂದೇ ಮಾತು. ಹಾಗಾದರೆ ಏನು ಬೇಕು ಎಂದು ಮೊದಲೇ ಯಾರೂ ಅವರನ್ನು ಮೇಜಿನ ಬಳಿಗೆ ಕರೆದಿರಲಿಲ್ಲ. ಅದೇ ನಗರದ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್‌ನಲ್ಲಿ, ಭಾರತದಲ್ಲೇ ಮೊದಲನೆಯದೆನ್ನಲಾದ, ತ್ರೀ-ಡಿ ಮುದ್ರಣದ ಅಂಚೆ ಕಚೇರಿ ಉದ್ಘಾಟನೆಯಾಯಿತು. ಮದರಾಸಿನ ಐಐಟಿಯ ಮಾರ್ಗದರ್ಶನದಲ್ಲಿ ಎಲ್ ಅಂಡ್ ಟಿ ಸಂಸ್ಥೆ 1,021 ಚದರ ಅಡಿಯ ಆ ಕಟ್ಟಡವನ್ನು ಕಾಂಕ್ರೀಟಿನ ಪದರಗಳಿಂದ 45 ದಿನಗಳೊಳಗೆ ಎಬ್ಬಿಸಿತು. ಅದು ಹೆಮ್ಮೆಪಡಬೇಕಾದ ಸಾಧನೆ. ಆದರೂ, ಕಟ್ಟಡವನ್ನೇ ಮುದ್ರಿಸುವ ಊರಿನಲ್ಲಿ, ಮುಂದೆ ಬರಲಿರುವ ರಸ್ತೆಯ ಅಂಗೈಯಗಲದ ರೂಪವೊಂದನ್ನು ಮುದ್ರಿಸಿ ಪ್ರತಿ ವಾರ್ಡಿನ ಗ್ರಂಥಾಲಯದಲ್ಲಿಡುವುದು ಎಷ್ಟು ಸುಲಭವಾದ ಕೆಲಸವೆಂದು ನಮಗೆ ಅನಿಸದಿರಲಿಲ್ಲ.

ಬೆಂಗಳೂರನ್ನು ದೂರುವುದು ನಮಗೆ ಸಲೀಸು. ನಾವಿರುವ ಊರುಗಳಲ್ಲಿ ನಮ್ಮ ನಡೆ ಹೇಗಿದೆ? ಕೌಂಟಿಯಿಂದ ಬರುವ ಅಹವಾಲು ಸಭೆಯ ಸೂಚನೆಯನ್ನು ಓದದೆ ಬುಟ್ಟಿಗೆ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮನೆ ಕೊಳ್ಳುವಾಗ ಶಾಲೆಯ ಅಂಕಗಳನ್ನು ವಿಚಾರಿಸುತ್ತೇವೆ. ಹಿತ್ತಿಲ ಆಚೆಯ ಬಯಲಿನಲ್ಲಿ ಏನು ಬರಲಿದೆಯೆಂದು ವಿಚಾರಿಸುವುದು ಅಪರೂಪ. 2023ರ ಡಿಸೆಂಬರಿನಲ್ಲಿ ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ ಭಾರಿ ಡೇಟಾ ಸೆಂಟರುಗಳ ಯೋಜನೆಯೊಂದರ ಮೇಲೆ ನಡೆದ ಸಭೆ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ನಡೆಯಿತು. ನೂರಾರು ಜನ ಸರದಿಯಲ್ಲಿ ಕಾದು ತಮಗೆ ದೊರೆತ ಕೆಲವೇ ನಿಮಿಷಗಳಲ್ಲಿ ಮಾತಾಡಿದರು. ಯೋಜನೆಗೆ ಮಂಜೂರಾತಿ ದೊರೆತ ಮೇಲೆ ವಿಷಯ ನ್ಯಾಯಾಲಯಕ್ಕೂ ಹೋಯಿತು. ಕೆಲವು ನಿಮಿಷಗಳ ಮಾತಿನಿಂದ ಪರ ವಿರೋಧಗಳನ್ನು ಎಣಿಸಬಹುದು. ಮೇಜಿನ ಮೇಲೆ ಆ ನೆಲದ ಮಾದರಿಯನ್ನಿಟ್ಟು, ಕಟ್ಟಡದ ತುಂಡುಗಳನ್ನು ಜನರ ಕೈಗೆ ಕೊಟ್ಟಿದ್ದರೆ, ಎಲ್ಲಿ ಎಷ್ಟು ಇರಬಹುದು ಎಂಬ ಮಾತುಕತೆಗಾದರೂ ಅವಕಾಶವಿರುತ್ತಿತ್ತು.

ಆದ್ದರಿಂದ ಒಂದು ವಿನಂತಿ. ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಈ ಯಂತ್ರ ಶಾಲೆಯಲ್ಲಿಯೇ ಪರಿಚಿತ. ಅವರು ಕೀಲಿಗೊಂಚಲಿನ ಗೊಂಬೆಯನ್ನೋ ಫೋನಿನ ಸ್ಟ್ಯಾಂಡನ್ನೋ ಮುದ್ರಿಸಿ ತಂದಾಗ ಭಲೆ ಎನ್ನುತ್ತೇವೆ. ಮುಂದಿನ ಸಲ ನಿಮ್ಮ ಬಡಾವಣೆಯ ಅಂಚಿನಲ್ಲಿ ಹೊಸ ಯೋಜನೆಯ ಫಲಕ ಕಂಡಾಗ, ಆ ಸ್ಥಳದ ಏರುತಗ್ಗನ್ನೂ ಪ್ರಸ್ತಾಪಿತ ಕಟ್ಟಡಗಳನ್ನೂ ಮುದ್ರಿಸಿ ತರುವಂತೆ ಅವರಿಗೆ ಹೇಳಿ. ನೆಲದ ಅಳತೆಗಳು ಸಾರ್ವಜನಿಕ ಸ್ವತ್ತು, ಮುದ್ರಕ ಗ್ರಂಥಾಲಯದಲ್ಲಿದೆ, ಗಣಿತ ನಮ್ಮ ಮಕ್ಕಳಿಗೆ ಬರುತ್ತದೆ. ಅದನ್ನು ಊಟದ ಮೇಜಿನ ಮೇಲಿಟ್ಟು ಅಕ್ಕಪಕ್ಕದವರನ್ನು ಕರೆಯಿರಿ. ಕನ್ನಡಿಗರನ್ನಷ್ಟೇ ಅಲ್ಲ, ನಮಗಿಂತ ಮುಂಚಿನಿಂದ ಅಲ್ಲಿ ಬಾಳಿದವರನ್ನೂ, ಬಾಡಿಗೆಗಿರುವವರನ್ನೂ ಕರೆಯಿರಿ. ಆ ಮೇಲೆ ಅದನ್ನು ಹಿಡಿದುಕೊಂಡೇ ಕೌಂಟಿಯ ಸಭೆಗೆ ಹೋಗೋಣ.

ದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಕ್ಕಳ ಊರನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತೇವೆ. ಅದನ್ನು ಮರುವರ್ಷ ಬೇರೆ ರೀತಿಯಲ್ಲಿ ಜೋಡಿಸಬಹುದು. ಕಾಂಕ್ರೀಟಿನ ಊರನ್ನು ಹಾಗೆ ಬಿಚ್ಚಿಡಲಾಗದು. ವಾಷಿಂಗ್ಟನ್ನಿನ ನೈಋತ್ಯದವರೂ ಷಾರ್ಲೆಟ್ಟಿನ ಬ್ರೂಕ್ಲಿನ್ನಿನವರೂ ಅದನ್ನು ತಮ್ಮ ಬಾಳಿನಲ್ಲಿ ಕಂಡವರು. ಹಳಿಯನ್ನು ಸರಿಸುವ ಮಾತನ್ನು ಹಳಿ ಬೀಳುವ ಮೊದಲೇ ಆಡಬೇಕು.